ಹುಣಸೆ ಹಿಪ್ಪೆ, ನಿಂಬೆ ಸಿಪ್ಪೆ

ಸಾರು ಆಯಿತು. ಮುದ್ದೆ ಆಯಿತು. ಈಗ ಕಸದ ಬುಟ್ಟಿ ನೋಡೋಣ.

ಹುಣಸೆಹಣ್ಣು ಕಿವುಚಿದ ಮೇಲೆ ಉಳಿದ ಹಿಪ್ಪೆ ಇದೆ. ರಸ ಹಿಂಡಿದ ನಿಂಬೆ ಹೋಳು ಇದೆ. ತೆಂಗಿನಕಾಯಿ ನಾರು ಇದೆ. ನೀರೊಲೆಯಲ್ಲಿ ಬೂದಿ ಇದೆ. ಪಾತ್ರೆಯಲ್ಲಿ ಅಕ್ಕಿ ತೊಳೆದ ನೀರು ಇದೆ.

ಇದನ್ನೆಲ್ಲ ನಾವು ಬಿಸಾಡ್ತೀವಿ. ಆಮೇಲೆ ಅಂಗಡಿಗೆ ಹೋಗ್ತೀವಿ. ಪಾತ್ರೆಗೆ ಒಂದು ಸೋಪು. ನೆಲಕ್ಕೆ ಒಂದು ಶೀಶೆ. ಕಕ್ಕಸಿಗೆ ಒಂದು ಶೀಶೆ. ಹಿತ್ತಾಳೆ ದೀಪಕ್ಕೆ ಒಂದು ಪುಡಿ. ತಿಂಗಳ ಕೊನೆಗೆ ಲೆಕ್ಕ ಹಾಕಿದರೆ ಇದೇ ಒಂದು ದೊಡ್ಡ ಖರ್ಚು.

ಅಂಗಡಿಯ ಸೋಪು ಕೆಟ್ಟದ್ದು ಅಂತ ನಾವು ಹೇಳುವುದಿಲ್ಲ. ಕೆಲವು ಕೆಲಸಕ್ಕೆ ಅದೇ ಬೇಕು. ಯಾವ ಕೆಲಸಕ್ಕೆ ಬೇಕು, ಯಾವ ಕೆಲಸಕ್ಕೆ ಬೇಡ? ಅದನ್ನು ಈ ಪಾಠದಲ್ಲಿ ತಿಳಿಯೋಣ.

ನಮ್ಮ ಊರು, ನಮ್ಮ ನೀರು

ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ರೈಲು ದಾರಿಯಲ್ಲಿ ಕೋರಮಂಡಲ್ ಒಂದು ನಿಲ್ದಾಣ. ಇದು ಚಿನ್ನದ ಗಣಿಯ ಊರು. ನೂರು ವರ್ಷಕ್ಕೂ ಹೆಚ್ಚು ಕಾಲ ಇಲ್ಲಿ ಚಿನ್ನ ತೆಗೆದರು. 2001ರಲ್ಲಿ ಗಣಿ ಮುಚ್ಚಿತು. ಗಣಿಯ ಸಂಬಳ ನಿಂತಿತು. ಬೆಳಗ್ಗೆ ಕತ್ತಲಲ್ಲೇ ಎದ್ದು ಬೆಂಗಳೂರಿನ ರೈಲು ಹಿಡಿಯುವವರು ಹೆಚ್ಚಾದರು. ಇಂಥ ಊರಿನಲ್ಲಿ ಹತ್ತು ರೂಪಾಯಿ ಉಳಿದರೂ ಅದು ಉಳಿತಾಯವೇ.

ನೀರಿನ ಕತೆ ನಿಮಗೆ ಗೊತ್ತೇ ಇದೆ. ಹಿಂದೆ ಬೇತಮಂಗಲದ ಕೆರೆಯಿಂದ ಗಣಿ ಊರಿಗೆ ನೀರು ಬರುತ್ತಿತ್ತು. ಈಗ ಕೋಲಾರ ಜಿಲ್ಲೆಯಲ್ಲಿ ಸಾವಿರ ಅಡಿಗೂ ಆಳಕ್ಕೆ ಬೋರ್ ಕೊರೆಯುತ್ತಾರೆ. ಬೋರಿನ ನೀರು ಬಹಳ ಕಡೆ ಗಡಸು. ಸೋಪು ಹಚ್ಚಿದರೆ ನೊರೆಯೇ ಬರಲ್ಲ. ನೊರೆ ಬರಲಿಲ್ಲ ಅಂತ ಇನ್ನಷ್ಟು ಸೋಪು ಹಾಕ್ತೀವಿ. ಅದನ್ನು ತೊಳೆಯಲು ಇನ್ನೆರಡು ಬಿಂದಿಗೆ ನೀರು ಬೇಕು. ಸೋಪೂ ಹೋಯಿತು, ನೀರೂ ಹೋಯಿತು.

ಕೊಳೆಗೆ ತಕ್ಕ ಮದ್ದು

ಗಣಿಯಲ್ಲಿ ಚಿನ್ನ ಹೇಗೆ ತೆಗೆಯುತ್ತಿದ್ದರು? ಕಲ್ಲನ್ನು ಹಿಟ್ಟಿನ ಹಾಗೆ ಪುಡಿ ಮಾಡುತ್ತಿದ್ದರು. ಅದಕ್ಕೆ ಸೈನೈಡ್ ಬೆರೆಸಿದ ನೀರು ಹಾಕುತ್ತಿದ್ದರು. ಆ ನೀರಿನಲ್ಲಿ ಚಿನ್ನ ಕರಗುತ್ತಿತ್ತು. ಕಲ್ಲು ಕರಗುತ್ತಿರಲಿಲ್ಲ. ಯಾವುದನ್ನು ಯಾವುದು ಕರಗಿಸುತ್ತದೆ ಅಂತ ಗೊತ್ತಿದ್ದರೆ ಕೆಲಸ ಸುಲಭ.

ಅಡುಗೆಮನೆಯಲ್ಲೂ ಹಾಗೇನೇ. ಮುಖ್ಯವಾಗಿ ಎರಡು ಬಗೆಯ ಕೊಳೆ ಇದೆ. ಒಂದು, ಲೋಹದ ಮೇಲೆ ಬರುವ ಕಿಲುಬು ಮತ್ತು ಗಡಸು ನೀರಿನ ಬಿಳಿ ಕರೆ. ಇದಕ್ಕೆ ಹುಳಿ ಬೇಕು. ಇನ್ನೊಂದು, ಎಣ್ಣೆ ಜಿಡ್ಡು. ಇದಕ್ಕೆ ಬೂದಿ ಬೇಕು, ಇಲ್ಲವೇ ಸೋಪು ಬೇಕು. ಜಿಡ್ಡಿಗೆ ಹುಳಿ ಹಾಕಿ ಉಜ್ಜಿದರೆ ಕೈ ನೋಯುತ್ತದೆ, ಜಿಡ್ಡು ಹೋಗಲ್ಲ.

ಹುಳಿಯ ಕೆಲಸ

ಹುಣಸೆಗೆ ನಮ್ಮ ಜಿಲ್ಲೆಯಲ್ಲಿ ಬರವಿಲ್ಲ. ತಮಿಳು ಅಕ್ಕಂದಿರು ಪುಳಿ ಅಂತಾರೆ. ತೆಲುಗಿನವರು ಚಿಂತಪಂಡು ಅಂತಾರೆ. ಹೆಸರು ಯಾವುದಾದರೇನು, ಹುಳಿ ಒಂದೇ. ಆ ಹುಳಿಯ ಹೆಸರು ಟಾರ್ಟಾರಿಕ್ ಆಮ್ಲ. ನಿಂಬೆಯಲ್ಲಿ ಇರುವುದು ಸಿಟ್ರಿಕ್ ಆಮ್ಲ. ಆಮ್ಲ ಎಂದರೆ ಹುಳಿ ಗುಣದ ವಸ್ತು.

ತಾಮ್ರದ ಬಿಂದಿಗೆ ಕಪ್ಪಾಗುತ್ತದೆ. ಹಿತ್ತಾಳೆ ದೀಪ ಮಂಕಾಗುತ್ತದೆ. ಗಾಳಿ ತಾಗಿ ತಾಗಿ ಲೋಹದ ಮೇಲೆ ಒಂದು ತೆಳು ಪೊರೆ ಕಟ್ಟುತ್ತದೆ. ಆಮ್ಲ ಆ ಪೊರೆಯನ್ನು ಕರಗಿಸುತ್ತದೆ. ಉಪ್ಪು ಸೇರಿಸಿದರೆ ಬೇಗ ಕರಗುತ್ತದೆ.

ಹೀಗೆ ಮಾಡಿ. ಸಾರಿಗೆ ಹಿಂಡಿದ ಹುಣಸೆ ಹಿಪ್ಪೆಯನ್ನು ಎಸೆಯಬೇಡಿ. ಅದಕ್ಕೆ ಒಂದು ಚಿಟಿಕೆ ಕಲ್ಲುಪ್ಪು ಹಾಕಿ. ಬಿಂದಿಗೆಗೆ ಸವರಿ. ಐದು ನಿಮಿಷ ಬಿಡಿ. ತೆಂಗಿನ ನಾರಿನಿಂದ ಉಜ್ಜಿ. ಎರಡು ಸಲ ನೀರಿನಲ್ಲಿ ತೊಳೆಯಿರಿ. ಕೂಡಲೇ ಒಣ ಬಟ್ಟೆಯಲ್ಲಿ ಒರೆಸಿ. ಒರೆಸದೆ ಬಿಟ್ಟರೆ ನೀರಿನ ಕಲೆ ಉಳಿಯುತ್ತದೆ. ರಾತ್ರಿಯಿಡೀ ಹುಳಿ ಹಚ್ಚಿ ಇಡಬೇಡಿ. ಹುಳಿ ಲೋಹವನ್ನೇ ತಿನ್ನುತ್ತದೆ. ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಸಾರು ಮಾಡಬಾರದು ಅಂತ ಹಿರಿಯರು ಹೇಳುವುದೂ ಇದಕ್ಕೇ.

ಇನ್ನು ಬಿಳಿ ಕರೆ. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಸುಣ್ಣದ ಹಾಗೆ ಕಟ್ಟುತ್ತದೆ, ಅಲ್ವಾ? ಅದು ಸುಣ್ಣದ ಜಾತಿಯೇ. ಕಲ್ಲಿನಿಂದ ಕೆರೆದರೂ ಬರಲ್ಲ. ಪಾತ್ರೆಗೆ ಕರೆ ಮುಳುಗುವಷ್ಟು ನೀರು ಹಾಕಿ. ನಾಲ್ಕೈದು ನಿಂಬೆ ಹೋಳು ಅಥವಾ ಒಂದು ಹಿಡಿ ಹುಣಸೆ ಹಿಪ್ಪೆ ಹಾಕಿ ಕುದಿಸಿ. ಕಣ್ಣಿಟ್ಟು ನೋಡಿ. ಸಣ್ಣ ಸಣ್ಣ ಗುಳ್ಳೆ ಏಳುತ್ತವೆ. ಹುಳಿ ಸುಣ್ಣವನ್ನು ಕರಗಿಸುವಾಗ ಬರುವ ಗುಳ್ಳೆ ಅದು. ಆರಿದ ಮೇಲೆ ಉಜ್ಜಿದರೆ ಸುಲಭವಾಗಿ ಬಿಡುತ್ತದೆ. ಕರೆ ದಪ್ಪವಾಗಿದ್ದರೆ ಇನ್ನೊಂದು ಸಲ ಮಾಡಿ. ನಲ್ಲಿಯ ಬಾಯಿಗೆ ಕರೆ ಕಟ್ಟಿದ್ದರೆ ನಿಂಬೆ ಹೋಳನ್ನೇ ಅದಕ್ಕೆ ಸಿಕ್ಕಿಸಿ ಅರ್ಧ ಗಂಟೆ ಬಿಡಿ.

ಒಂದು ಎಚ್ಚರಿಕೆ. ನಮ್ಮ ಕಡೆ ಒಲೆ ಕಟ್ಟೆಗೆ ಕಡಪ ಕಲ್ಲು ಹಾಕಿಸುವವರು ಬಹಳ. ಕಡಪ ಕಲ್ಲು ಸುಣ್ಣದ ಕಲ್ಲು. ಅದರ ಮೇಲೆ ಹುಳಿ ಬಿದ್ದರೆ ಹೊಳಪು ಹೋಗುತ್ತದೆ. ಆಮೇಲೆ ಎಷ್ಟು ಉಜ್ಜಿದರೂ ವಾಪಸ್ ಬರಲ್ಲ. ಅಮೃತಶಿಲೆಗೂ ಅದೇ ಗತಿ. ಹುಣಸೆ ಹಚ್ಚಿದ ಪಾತ್ರೆಯನ್ನು ಅಂಥ ಕಟ್ಟೆಯ ಮೇಲೆ ಇಡಬೇಡಿ.

ಬೂದಿಯ ಕೆಲಸ

ಈಗ ಹೆಚ್ಚು ಮನೆಗಳಲ್ಲಿ ಗ್ಯಾಸ್ ಒಲೆ. ನೀರೊಲೆಗೆ ಮಾತ್ರ ಸೌದೆ. ಅಲ್ಲಿ ಸಿಗುವ ಬೂದಿ ಸಾಕು.

ಬೂದಿಯನ್ನು ಜರಡಿ ಹಿಡಿಯಿರಿ. ಕೆಂಡ, ಮೊಳೆ, ಕಲ್ಲು ಇರಬಾರದು. ಒಣ ಡಬ್ಬದಲ್ಲಿ ತುಂಬಿಡಿ. ಒದ್ದೆ ಬೆರಳಿನಿಂದ ಸ್ವಲ್ಪ ಬೂದಿ ಉಜ್ಜಿ ನೋಡಿ. ಜಾರುತ್ತದೆ. ಅದು ಕ್ಷಾರ ಗುಣ. ಕ್ಷಾರವು ಎಣ್ಣೆಯ ಹಿಡಿತವನ್ನು ಸಡಿಲ ಮಾಡುತ್ತದೆ. ಹಿಂದೆ ಮಡಿವಾಳರು ಬಟ್ಟೆ ಒಗೆಯಲು ಚೌಳು ಮಣ್ಣು ತರುತ್ತಿದ್ದರಲ್ಲ, ಅದರಲ್ಲಿ ಇದ್ದದ್ದೂ ಕ್ಷಾರವೇ.

ಕಬ್ಬಿಣದ ಬಾಣಲೆ, ಸ್ಟೀಲ್ ತಟ್ಟೆ, ಹೊಗೆ ಹಿಡಿದ ಪಾತ್ರೆಯ ತಳ, ಇವಕ್ಕೆಲ್ಲ ಬೂದಿ ಸರಿ. ಮೊದಲು ಒಣ ಬೂದಿ ಉದುರಿಸಿ ಜಿಡ್ಡು ಹೀರಲು ಬಿಡಿ. ಆಮೇಲೆ ಒದ್ದೆ ನಾರಿನಿಂದ ತಿಕ್ಕಿ. ಒಣಗಿದ ಹೀರೇಕಾಯಿ ನಾರು ಇದ್ದರೆ ಇನ್ನೂ ಒಳ್ಳೆಯದು. ಅಲ್ಯೂಮಿನಿಯಂ ಪಾತ್ರೆಗೆ ಬೂದಿ ಬೇಡ. ಅದು ಕಪ್ಪಾಗುತ್ತದೆ, ಸವೆಯುತ್ತದೆ. ಬೂದಿ ಮುಟ್ಟಿದ ಮೇಲೆ ಕೈ ತೊಳೆದು ಒಂದು ಹನಿ ಎಣ್ಣೆ ಹಚ್ಚಿಕೊಳ್ಳಿ. ಇಲ್ಲದಿದ್ದರೆ ಚರ್ಮ ಬಿರಿಯುತ್ತದೆ.

ಸೌದೆ ಹೊತ್ತಿಸಲು ಕೆಲವರು ಪ್ಲಾಸ್ಟಿಕ್ ಕವರ್ ಹಾಕುತ್ತಾರೆ. ಆ ಬೂದಿ ಪಾತ್ರೆಗೆ ಬೇಡವೇ ಬೇಡ. ಬಣ್ಣ ಬಳಿದ ಹಳೆ ಕಿಟಕಿ ಬಾಗಿಲು ಸುಟ್ಟ ಬೂದಿಯೂ ಬೇಡ. ಹೊಗೆ ಕುಡಿಯುವುದೂ ಕೆಟ್ಟದ್ದು, ಅದು ಬೇರೆ ಪಾಠ.

ಬೂದಿ ಮತ್ತು ಹುಣಸೆ ಎರಡನ್ನೂ ಸೇರಿಸಿ ಉಜ್ಜಿದರೆ ಶಕ್ತಿ ಎರಡರಷ್ಟು ಆಗುತ್ತದೆಯೇ? ಇಲ್ಲ. ಹುಳಿಯೂ ಕ್ಷಾರವೂ ಸೇರಿದರೆ ಒಂದನ್ನೊಂದು ಕಳೆಯುತ್ತವೆ. ಅಡುಗೆ ಸೋಡಾಕ್ಕೆ ನಿಂಬೆ ಹಿಂಡಿದರೆ ಬುಸ್ ಎಂದು ನೊರೆ ಉಕ್ಕುತ್ತದೆ. ನೋಡಲು ಚೆಂದ. ನೊರೆ ಇಳಿದ ಮೇಲೆ ಉಳಿಯುವುದು ಹೆಚ್ಚುಕಡಿಮೆ ಉಪ್ಪು ನೀರು. ಮೊದಲು ಒಂದರಿಂದ ಉಜ್ಜಿ, ತೊಳೆದು, ಬೇಕಾದರೆ ಆಮೇಲೆ ಇನ್ನೊಂದು ಹಚ್ಚಿ.

ಗುಡ್ಡದ ಹುಡಿ ಬೇಡ

ನಮ್ಮ ಊರಿನ ಸೈನೈಡ್ ಗುಡ್ಡಗಳನ್ನು ದಿನಾ ನೋಡ್ತೀವಿ. ಚಿನ್ನ ತೆಗೆದ ಮೇಲೆ ಉಳಿದ ಕಲ್ಲಿನ ಹುಡಿ ಅದು. 3 ಕೋಟಿ ಟನ್ನಿಗೂ ಹೆಚ್ಚು ಇದೆ. ಹುಡಿ ಬಲು ನುಣುಪು. ಪಾತ್ರೆ ತಿಕ್ಕಲು ಇದಕ್ಕಿಂತ ಬೇಕೇ ಅಂತ ಅನ್ನಿಸಬಹುದು. ತರಬೇಡಿ. ಮಕ್ಕಳ ಕೈಯಲ್ಲೂ ತರಿಸಬೇಡಿ. ಆ ಹುಡಿಯಲ್ಲಿ ಸಿಲಿಕಾ ಇದೆ. ಗಣಿಯ ಕೆಲಸಗಾರರ ಶ್ವಾಸಕೋಶವನ್ನು ಹಾಳು ಮಾಡಿದ ದೂಳು ಅದೇ. ಸಿಲಿಕೋಸಿಸ್ ಎಂಬ ಆ ರೋಗದಿಂದ ಕೆಮ್ಮಿ ಕೆಮ್ಮಿ ಸತ್ತವರ ಹೆಸರು ನಮ್ಮ ಎಷ್ಟೋ ಮನೆಗಳಲ್ಲಿವೆ. ಉಣ್ಣುವ ತಟ್ಟೆಗೆ ಆ ಹುಡಿ ಬೇಡ.

ಸಿಪ್ಪೆಯ ಹುಳಿ ನೀರು

ನೆಲ ಒರೆಸಲು, ಕಕ್ಕಸು ತೊಳೆಯಲು ಒಂದು ಹುಳಿ ನೀರು ಮಾಡಬಹುದು. ಪೇಟೆಯಲ್ಲಿ ಇದಕ್ಕೆ ಬಯೋ ಎಂಜೈಮ್ ಅಂತಾರೆ. ಥಾಯ್ಲೆಂಡ್ ದೇಶದಲ್ಲಿ ಈ ಪದ್ಧತಿ ಹೆಸರಾಯಿತು. ಈಗ ಬೆಂಗಳೂರಿನಲ್ಲೂ ಬಹಳ ಮನೆಗಳಲ್ಲಿ ಮಾಡುತ್ತಾರೆ.

ಅಳತೆ ನೆನಪಿಡಿ: 1, 3, 10. ಬೆಲ್ಲ 1 ಪಾಲು. ಸಿಪ್ಪೆ 3 ಪಾಲು. ನೀರು 10 ಪಾಲು. ಅಂದರೆ 100 ಗ್ರಾಂ ಬೆಲ್ಲ, 300 ಗ್ರಾಂ ಸಿಪ್ಪೆ, 1 ಲೀಟರ್ ನೀರು. ಮನೆಯಲ್ಲಿ ತಕ್ಕಡಿ ಇಲ್ಲವೇ? ಬೆಲ್ಲ ತರುವಾಗ ಸಿಪ್ಪೆಯನ್ನೂ ಅಂಗಡಿಯಲ್ಲೇ ತೂಗಿಸಿ. ನಕ್ಕರೆ ನಗಲಿ.

ನಿಂಬೆ, ಕಿತ್ತಳೆ, ಮೂಸಂಬಿ ಸಿಪ್ಪೆ ಒಳ್ಳೆಯದು. ಅಷ್ಟು ಸಿಪ್ಪೆ ಮನೆಯಲ್ಲಿ ಒಂದೇ ದಿನ ಸಿಗಲ್ಲ. ಹಣ್ಣಿನ ರಸದ ಅಂಗಡಿಯಲ್ಲಿ ಕೇಳಿದರೆ ಸುಮ್ಮನೆ ಕೊಡುತ್ತಾರೆ. ಕೊಳೆತ ಸಿಪ್ಪೆ, ಬೇಯಿಸಿದ ಪದಾರ್ಥ, ಎಣ್ಣೆ ಹತ್ತಿದ್ದು ಹಾಕಬೇಡಿ. ಈರುಳ್ಳಿ ಸಿಪ್ಪೆ ಹಾಕಿದರೆ ಮನೆಯೆಲ್ಲ ನಾರುತ್ತದೆ. ಬೆಲ್ಲ ಕಪ್ಪಾಗಿದ್ದರೂ ನಡೆಯುತ್ತದೆ, ಅಗ್ಗದ್ದೇ ತನ್ನಿ.

ಎರಡು ಲೀಟರಿನ ಪ್ಲಾಸ್ಟಿಕ್ ಶೀಶೆ ತೆಗೆದುಕೊಳ್ಳಿ. ಗಾಜಿನದು ಬೇಡ. ಸಿಪ್ಪೆಯನ್ನು ಸಣ್ಣಗೆ ಹೆಚ್ಚಿ. ಬೆಲ್ಲ ನೀರಿನಲ್ಲಿ ಕರಗಿಸಿ. ಎಲ್ಲವನ್ನೂ ಶೀಶೆಗೆ ಹಾಕಿ ಕುಲುಕಿ. ಮೇಲೆ ಕಾಲು ಭಾಗ ಖಾಲಿ ಇರಲಿ. ಮುಚ್ಚಳ ಹಾಕಿ ನೆರಳಿನಲ್ಲಿ ಇಡಿ.

ಒಳಗೆ ಏನಾಗುತ್ತದೆ? ದೋಸೆ ಹಿಟ್ಟು ರಾತ್ರಿ ಉಬ್ಬುತ್ತದಲ್ಲ, ಅದೇ ಆಗುತ್ತದೆ. ಕಣ್ಣಿಗೆ ಕಾಣದ ಜೀವಿಗಳು ಬೆಲ್ಲವನ್ನು ತಿಂದು ಗಾಳಿ ಬಿಡುತ್ತವೆ. ನಿಧಾನವಾಗಿ ನೀರು ಹುಳಿಯಾಗುತ್ತದೆ. ಗಾಳಿ ತುಂಬಿದರೆ ಶೀಶೆ ಉಬ್ಬುತ್ತದೆ. ಗಾಜಿನದಾದರೆ ಒಡೆದು ಸಿಡಿಯುತ್ತದೆ. ಆದ್ದರಿಂದ ಮೊದಲ ಒಂದು ತಿಂಗಳು ದಿನಾ ಒಂದು ಸಲ ಮುಚ್ಚಳ ಸಡಿಲಿಸಿ ಗಾಳಿ ಬಿಡಿ. ಇದನ್ನು ಮರೆಯಲೇಬೇಡಿ. ಆಮೇಲೆ ವಾರಕ್ಕೊಮ್ಮೆ ಸಾಕು.

ಮೂರು ತಿಂಗಳು ಕಾಯಬೇಕು. ಸಂಕ್ರಾಂತಿಗೆ, ಜನವರಿ 14ಕ್ಕೆ ತುಂಬಿಟ್ಟರೆ ಅಂಬೇಡ್ಕರ್ ಜಯಂತಿಗೆ, ಏಪ್ರಿಲ್ 14ಕ್ಕೆ ಸಿದ್ಧ. ಮೇಲೆ ಬಿಳಿ ಪೊರೆ ಬಂದರೆ ಹೆದರಬೇಡಿ. ಕಪ್ಪು ಬೂಷ್ಟು ಬಂದು ಕೊಳೆತ ನಾತ ಬಂದರೆ ತಿಪ್ಪೆಗೆ ಸುರಿಯಿರಿ. ಸರಿಯಾಗಿದ್ದರೆ ಹುಳಿ ವಾಸನೆ ಇರುತ್ತದೆ, ಜೊತೆಗೆ ಹಣ್ಣಿನ ವಾಸನೆ. ಬಟ್ಟೆಯಲ್ಲಿ ಸೋಸಿ. ಸಿಪ್ಪೆ ಗಿಡದ ಗುಂಡಿಗೆ ಹೋಗಲಿ.

ನೆಲಕ್ಕೆ 1 ಲೀಟರ್ ನೀರಿಗೆ 50 ಮಿಲಿ ಲೀಟರ್ ಹಾಕಿ. ಟೀ ಚಮಚದಲ್ಲಿ ಸುಮಾರು 10 ಚಮಚ. ಕಕ್ಕಸಿನ ಗುಂಡಿಗೆ ನೀರು ಬೆರೆಸದೆ ಹಾಕಿ, ಅರ್ಧ ಗಂಟೆ ಬಿಟ್ಟು ಉಜ್ಜಿ.

ಒಂದು ಶೀಶೆ ಎಷ್ಟು ದಿನ ಬರುತ್ತದೆ? ಸುಮಾರು 1 ಲೀಟರ್ ಸಿಕ್ಕಿತು ಅಂತ ಇಟ್ಟುಕೊಳ್ಳಿ. 1000 ಮಿಲಿಯನ್ನು 50ರಿಂದ ಭಾಗಿಸಿ. 20 ಲೀಟರ್ ಒರೆಸುವ ನೀರು. ಒಂದು ಸಲಕ್ಕೆ 2 ಲೀಟರ್ ಬೇಕು. ವಾರಕ್ಕೆ ಎರಡು ಸಲ ಒರೆಸಿದರೆ 5 ವಾರ. ದಿನಾ ಒರೆಸಿದರೆ 10 ದಿನ ಮಾತ್ರ. ಬೆಲ್ಲದ ದುಡ್ಡನ್ನೂ ಲೆಕ್ಕಕ್ಕೆ ಸೇರಿಸಿ. ನಮ್ಮನ್ನು ಕೇಳಿದರೆ ಮೊದಲು ಹುಣಸೆ ಹಿಪ್ಪೆಯಿಂದ ಶುರು ಮಾಡಿ. ಅದಕ್ಕೆ ದುಡ್ಡೂ ಇಲ್ಲ, ಮೂರು ತಿಂಗಳ ಕಾಯುವಿಕೆಯೂ ಇಲ್ಲ.

ಕುಂಕುಡುಕಾಯಿ

ಕನ್ನಡದಲ್ಲಿ ಅಂಟುವಾಳ. ನಮ್ಮ ಗಡಿ ಊರುಗಳಲ್ಲಿ ಕುಂಕುಡುಕಾಯಿ ಅಂದರೇ ಎಲ್ಲರಿಗೂ ಗೊತ್ತಾಗುತ್ತೆ. ಅಡುಗೆಯ ಕಸವಲ್ಲ, ಆದರೂ ಬಿಡಲು ಮನಸ್ಸಾಗಲಿಲ್ಲ. ಗಡಸು ನೀರಿನಲ್ಲೂ ಇದು ನೊರೆ ಕೊಡುತ್ತದೆ. 15 ಕಾಯಿ ಒಡೆದು ಬೀಜ ತೆಗೆಯಿರಿ. 1 ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿ, ಬೆಳಗ್ಗೆ ಕುದಿಸಿ, ಕಿವುಚಿ ಸೋಸಿ. ರೇಷ್ಮೆ ಸೀರೆ, ಉಣ್ಣೆ ಬಟ್ಟೆಗೆ ಇದು ಮೃದು. ಮೂರ್ನಾಲ್ಕು ದಿನದಲ್ಲಿ ಕೆಡುತ್ತದೆ, ಸ್ವಲ್ಪ ಸ್ವಲ್ಪವೇ ಮಾಡಿ. ಕಣ್ಣಿಗೆ ಬಿದ್ದರೆ ಬಹಳ ಉರಿ. ಉಳಿದ ನೀರನ್ನು ಕೆರೆಗೆ ಚೆಲ್ಲಬೇಡಿ, ಮೀನು ಸಾಯುತ್ತದೆ.

ಅಕ್ಕಿ ತೊಳೆದ ನೀರಿನಲ್ಲಿ ಸ್ಟೀಲ್ ಲೋಟಗಳನ್ನು ಜಾಲಿಸಬಹುದು. ಮನೆಯಲ್ಲಿ ಹಸು ಇದ್ದರೆ ಆ ನೀರು ಅದರದ್ದು.

ಬೆರೆಸಬಾರದ ಎರಡು

ಇಲ್ಲಿ ನಿಧಾನವಾಗಿ ಓದಿ. ಗಟ್ಟಿಯಾಗಿ ಓದಿ.

ಬ್ಲೀಚಿಂಗ್ ಪೌಡರ್ ಮತ್ತು ಆಸಿಡ್ ಬೆರೆಸಬಾರದು.

ಬೆರೆಸಿದರೆ ಕ್ಲೋರಿನ್ ಎಂಬ ವಿಷದ ಗಾಳಿ ಏಳುತ್ತದೆ. 1915ರಲ್ಲಿ ಯುರೋಪಿನ ಯುದ್ಧದಲ್ಲಿ ಇದೇ ಗಾಳಿಯನ್ನು ಸೈನಿಕರ ಮೇಲೆ ಬಿಟ್ಟಿದ್ದರು. ಕಕ್ಕಸು ಚಿಕ್ಕ ಕೋಣೆ. ಬಾಗಿಲು ಹಾಕಿಕೊಂಡು ಉಜ್ಜುತ್ತಿದ್ದರೆ ಓಡಿ ಬರಲೂ ಸಮಯ ಸಿಗದು. ನಮ್ಮ ಹುಣಸೆ, ನಿಂಬೆ, ಸಿಪ್ಪೆಯ ಹುಳಿ ನೀರು, ಇವೂ ಆಮ್ಲವೇ. ಇವನ್ನೂ ಬ್ಲೀಚಿಂಗ್ ಪೌಡರ್ ಜೊತೆ ಸೇರಿಸಬಾರದು. ಒಂದು ಹಾಕಿದ ಮೇಲೆ ಚೆನ್ನಾಗಿ ನೀರು ಸುರಿದು ತೊಳೆಯದೆ ಇನ್ನೊಂದನ್ನು ಹಾಕಬಾರದು.

ಮೂಗು, ಗಂಟಲು ಉರಿದರೆ, ಕೆಮ್ಮು ಬಂದರೆ ಎಲ್ಲ ಬಿಟ್ಟು ಹೊರಗೆ ಗಾಳಿಗೆ ಬನ್ನಿ. ಕಣ್ಣಿಗೆ ಸಿಡಿದಿದ್ದರೆ ಕಾಲು ಗಂಟೆ ನೀರು ಹಾಕುತ್ತಲೇ ಇರಿ. ಉಸಿರು ಕಟ್ಟಿದರೆ 108ಕ್ಕೆ ಫೋನ್ ಮಾಡಿ.

ಬೆಂಗಳೂರಿನ ಮನೆಗಳಲ್ಲಿ, ಆಫೀಸುಗಳಲ್ಲಿ ತೊಳೆಯುವ ಕೆಲಸಕ್ಕೆ ಹೋಗುವ ಅಕ್ಕಂದಿರು ಇದನ್ನು ಜೊತೆಯವರಿಗೂ ಓದಿ ಹೇಳಿ. "ಎರಡೂ ಹಾಕಿ ಉಜ್ಜಮ್ಮ, ಬೇಗ ಬೆಳ್ಳಗಾಗುತ್ತೆ" ಎಂದು ಯಾರಾದರೂ ಹೇಳಿದರೆ, "ಬೆರೆಸಿದರೆ ವಿಷದ ಗಾಳಿ ಬರುತ್ತೆ, ನಾನು ಹಾಕಲ್ಲ" ಅನ್ನಿ. ಹಾಗೆ ಹೇಳುವುದು ಎದುರುತ್ತರವಲ್ಲ.

ಹುಳಿ ನೀರಿಗೆ ಮೀರಿದ ಕೆಲಸ

ಹುಣಸೆ ಕೊಳೆ ತೆಗೆಯುತ್ತದೆ. ರೋಗದ ಕ್ರಿಮಿ ಸಾಯುತ್ತದೆ ಅಂತ ನಂಬಬೇಡಿ. ಮನೆಯಲ್ಲಿ ವಾಂತಿಭೇದಿ ಬಂದಾಗ ಸಿಪ್ಪೆಯ ನೀರಿನಲ್ಲಿ ನೆಲ ಒರೆಸಿ ಸುಮ್ಮನಾಗಬಾರದು. ಆಗ ಬ್ಲೀಚಿಂಗ್ ಪೌಡರೇ ಬೇಕು. ಅಳತೆಯನ್ನು ಆಶಾ ಕಾರ್ಯಕರ್ತೆಯನ್ನು ಕೇಳಿ. ರೋಗಿಯ ಬಟ್ಟೆ ಕುದಿಸಿ ಬಿಸಿಲಿಗೆ ಹಾಕಿ. ಕಕ್ಕಸಿಗೆ ಹೋಗಿ ಬಂದಾಗ, ಅಡುಗೆ ಮಾಡುವ ಮುಂಚೆ, ಮಗುವಿಗೆ ಉಣ್ಣಿಸುವ ಮುಂಚೆ ಕೈಗೆ ಸೋಪು ಹಚ್ಚಿ. ಉಳಿತಾಯ ಮಾಡುವ ಜಾಗ ಇದಲ್ಲ.

ಶೀಶೆಯ ಮೇಲೆ ಬರೆಯಿರಿ

ಸಿಪ್ಪೆಯ ಹುಳಿ ನೀರು ನೋಡಲು ಪಾನಕದ ಹಾಗೆ ಇರುತ್ತದೆ. ತುಂಬಿಟ್ಟಿರುವುದೂ ಪಾನೀಯದ ಶೀಶೆಯಲ್ಲೇ. ಶಾಲೆಯಿಂದ ಬಾಯಾರಿ ಬಂದ ಮಗು ಏನು ಮಾಡುತ್ತದೆ? ಹಳೆಯ ಚೀಟಿ ಕಿತ್ತು ಹಾಕಿ. ಹೊಸ ಚೀಟಿ ಅಂಟಿಸಿ. ಚೀಟಿ ನೀವೇ ಬರೆಯಿರಿ. ಎತ್ತರದ ಗೂಡಿನಲ್ಲಿ ಇಡಿ.

ಅಂಗಡಿ ಶೀಶೆಯ ಮೇಲೆ ಹೆಚ್ಚಾಗಿ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಬರೆದಿರುತ್ತದೆ. ಕಷ್ಟಪಟ್ಟು ಕನ್ನಡ ಕಲಿತ ನಮಗೆ ಅದು ಓದಲು ಬರಲ್ಲ. ಕರ್ನಾಟಕದಲ್ಲಿ ಮಾರುವ ವಿಷದ ಶೀಶೆಯ ಮೇಲೆ ಕನ್ನಡ ಇರಬೇಡವೇ? ಅದು ಬರುವ ತನಕ ಹೀಗೆ ಮಾಡೋಣ. ಮನೆಯಲ್ಲಿ ಓದುವ ಮಗಳನ್ನೋ ಮಗನನ್ನೋ ಕೇಳಿ. ಅವರು ಓದಿ ಹೇಳಲಿ. ನೀವು ಕನ್ನಡದಲ್ಲಿ ಬರೆದು ಅಂಟಿಸಿ.

ಬರೆದು ಕಲಿಯಿರಿ

ಈ ಚೀಟಿಯನ್ನು ನೋಡಿ ಬರೆಯಿರಿ. ಖಾಲಿ ಜಾಗ ತುಂಬಿ.

ಸಿಪ್ಪೆಯ ಹುಳಿ ನೀರು
ನೆಲ ಒರೆಸಲು. ಕುಡಿಯಬಾರದು.
ಬ್ಲೀಚಿಂಗ್ ಪೌಡರ್ ಜೊತೆ ಬೆರೆಸಬಾರದು.
ತುಂಬಿದ ದಿನ: ..........
ಸೋಸುವ ದಿನ: ..........

ಈ ತಿಂಗಳು ನಿಮ್ಮ ಮನೆಯ ಲೆಕ್ಕ ಬರೆಯಿರಿ.

ಪಾತ್ರೆ ಸೋಪಿಗೆ .......... ರೂಪಾಯಿ
ನೆಲದ ಶೀಶೆಗೆ .......... ರೂಪಾಯಿ
ಕಕ್ಕಸಿನ ಶೀಶೆಗೆ .......... ರೂಪಾಯಿ
ಹಿತ್ತಾಳೆ ಪುಡಿಗೆ .......... ರೂಪಾಯಿ
ಒಟ್ಟು .......... ರೂಪಾಯಿ

ಮುಂದಿನ ತಿಂಗಳು ಇದೇ ಲೆಕ್ಕವನ್ನು ಪಕ್ಕದಲ್ಲಿ ಇನ್ನೊಮ್ಮೆ ಬರೆಯಿರಿ. ಬೆಲ್ಲ ತಂದಿದ್ದರೆ ಅದನ್ನೂ ಸೇರಿಸಿ. ಎರಡನ್ನೂ ಕಲಿಕಾ ಕೇಂದ್ರಕ್ಕೆ ತನ್ನಿ.